ಕೊಡಲೊಲ್ಲದ ಕೈ

ಕೂಸಿನ ಆರೈಕೆಗೆ ಗಂಡಸರು ಕೈ ಹಾಕುವುದಿಲ್ಲ ಎಂದು ದೂರುತ್ತಲೇ ನಾನು ಅರವತ್ತು ದಾಟಿದವಳು. ಜಯನಗರದ ನಮ್ಮ ಮನೆಯಲ್ಲಿ ಮಗಳ ಬಾಣಂತನಕ್ಕೆ ನಿಂತಾಗ ನನ್ನೊಳಗೆ ಕಂಡದ್ದೇ ಬೇರೆ. ಅಳಿಯಂದಿರು ಮಗುವನ್ನು ಎತ್ತಿಕೊಂಡರೆ ಸಾಕು, ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ‘ಕೊಡಿ ಇಲ್ಲಿ, ಅದಕ್ಕಿನ್ನೂ ಕತ್ತು ನಿಲ್ಲೋಲ್ಲ.’ ಕತ್ತಿನ ಕೆಳಗೆ ಅಂಗೈ ಕೊಟ್ಟು ಅವರು ಸರಿಯಾಗಿಯೇ ಹಿಡಿದಿರುತ್ತಿದ್ದರು. ಅದು ನನಗೆ ಕಾಣುತ್ತಲೂ ಇತ್ತು. ಆದರೂ ಕಿತ್ತುಕೊಳ್ಳುತ್ತಿದ್ದೆ.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ತೂಕ ಎರಡು ಕಿಲೋ ಕೂಡ ಇರಲಿಲ್ಲ. ಮಗಳಿಗೆ ಸಿಸೇರಿಯನ್ ಆಗಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಗಿತ್ತು. ಆಸ್ಪತ್ರೆಯಲ್ಲಿ ನರ್ಸಮ್ಮ ಅಳಿಯಂದಿರನ್ನು ಕರೆದು, ‘ಶರಟು ತೆಗೆದು ಒರಗಿ ಕೂತ್ಕೊಳ್ಳಿ ಸರ್’ ಎಂದು, ಟೋಪಿ, ಡೈಪರ್ ಬಿಟ್ಟು ಬೇರೇನೂ ತೊಡಿಸದ ಕೂಸನ್ನು ಅವರ ಬರಿಯೆದೆಗೆ ಒತ್ತಿ ಮಲಗಿಸಿ ಬಟ್ಟೆ ಸುತ್ತಿದರು. ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದ ಆಸ್ಪತ್ರೆಯಲ್ಲಿ ಶುರುವಾದದ್ದು. ಚಿಕ್ಕ ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ಶಾಖ ಬೇಗ ಸೋರಿಹೋಗುತ್ತದೆ. ಎದೆಗೆ ಎದೆ ತಾಗಿದ್ದರೆ ಮೈ ಬೆಚ್ಚಗಿರುತ್ತದೆ, ಉಸಿರು ಹದಕ್ಕೆ ಬರುತ್ತದೆ, ಸೋಂಕು ಕಡಿಮೆಯಾಗುತ್ತದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದ ಕಡೆ ಮೊದಲ 28 ದಿನಗಳ ಸಾವು ಕಾಲು ಭಾಗದಷ್ಟು ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಸರ್ಕಾರದ ಜೊತೆ ಸೇರಿ ಇದನ್ನು ಸರ್ಕಾರಿ ಆಸ್ಪತ್ರೆಗಳಿಗೂ ಮನೆಗಳಿಗೂ ಮುಟ್ಟಿಸಿದ್ದಾರೆ. ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಹೆಚ್ಚು ಹೊತ್ತು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಹೊಲಿಗೆ ಮಾಗದ ಒಬ್ಬಳೇ ಬಾಣಂತಿಯಿಂದ ಆಗುವ ಕೆಲಸವೇ ಅದು?

ಬರಿಮೈಯಲ್ಲಿ ಕೂತ ಅಳಿಯನನ್ನು ನೋಡಿ ನನಗೆ ಮೊದಲು ಸಂಕೋಚ, ಆಮೇಲೆ ದಿಗಿಲು. ಅವೆರಡೂ ಕಳೆದ ಮೇಲೆ ಉಳಿದದ್ದು ಹೊಟ್ಟೆಕಿಚ್ಚು. ಬೇರೆ ಹೆಸರು ಕೊಟ್ಟರೆ ಸುಳ್ಳಾಗುತ್ತದೆ. ಸೈಟು ಕೊಂಡಾಗ, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದಾಗ, ಕೊನೆಯ ಮಾತು ನನ್ನದಾಗಿರಲಿಲ್ಲ. ಬಾಣಂತಿ ಕೋಣೆಯೊಂದರಲ್ಲಿ ಮಾತ್ರ ನನ್ನ ಮಾತಿಗೆ ಎದುರಿಲ್ಲ. ಎಣ್ಣೆನೀರು, ಖಾರದ ಪಥ್ಯ, ಸಾಂಬ್ರಾಣಿ ಹೊಗೆ, ಎಲ್ಲ ನನ್ನ ವಿದ್ಯೆ. ಅಲ್ಲಿಗೂ ಒಬ್ಬ ಗಂಡಸು ಕಾಲಿಟ್ಟನೆಂದರೆ ನನಗೇನು ಉಳಿಯಿತು ಎಂದು ಒಳಗೊಂದು ಜೀವ ಕೂಗುತ್ತಿತ್ತು.

ಮನೆಗೆ ಬಂದ ಮೇಲೆ ಕೂಸಿಗೆ ನೆಕ್ಕಿಸಲೆಂದು ಬಜೆ ತೇಯಲು ಕೂತೆ. ಅಳಿಯಂದಿರು ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು: ‘ಅತ್ತೆ, ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂದಿದ್ದಾರಲ್ಲ ಡಾಕ್ಟರು. ಹೊಗೇನೂ ಬೇಡ, ಇದರ ಶ್ವಾಸಕೋಶ ಇನ್ನೂ ಎಳೇದು.’ ಎರಡು ದಿನ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗಳಿಗೂ ಅದೇ ಅನಿಸಿತ್ತಂತೆ, ಹೇಳುವ ಧೈರ್ಯ ಬಂದಿರಲಿಲ್ಲ. ನಿದ್ದೆಗೆಟ್ಟ, ಅಮ್ಮನ ಕೈ ಊಟವನ್ನೇ ನಂಬಿ ಮಲಗಿದ ಬಾಣಂತಿ ಅಮ್ಮನಿಗೆ ಹೇಗೆ ಎದುರಾಡಿಯಾಳು? ಡಾಕ್ಟರ ಮಾತನ್ನು ನೆನಪಿಟ್ಟುಕೊಂಡು ಮಗುವಿನ ಪರವಾಗಿ ಆಡಲು ಅಪ್ಪ ಮನೆಯಲ್ಲಿರಬೇಕು. ಅಪ್ಪನಿಂದ ಕೂಸಿನ ಆರೋಗ್ಯಕ್ಕೇನು ಲಾಭ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನನ್ನ ಹೆರಿಗೆ ವಾಣಿವಿಲಾಸ ಆಸ್ಪತ್ರೆಯಲ್ಲಾಯಿತು. ಪುರುಡಿನ ದಿನಗಳಲ್ಲಿ ನಮ್ಮ ಯಜಮಾನರು ಕೂಸನ್ನು ಮುಟ್ಟುವಂತಿರಲಿಲ್ಲ. ಆಮೇಲೆ ನಾನು ಐದು ತಿಂಗಳು ಚನ್ನಪಟ್ಟಣದ ತವರಲ್ಲಿ. ಭಾನುವಾರ ಬಂದು ನಡುಮನೆಯಲ್ಲಿ ಕೂತು, ಯಾರಾದರೂ ತಂದು ತೋರಿಸಿದರೆ ನೋಡಿ, ಊಟ ಮಾಡಿ ಹೊರಡುತ್ತಿದ್ದರು. ‘ಮಗಳಿಗೆ ಯಾವ ಚುಚ್ಚುಮದ್ದು ಯಾವಾಗ ಅಂತಾನೂ ಗೊತ್ತಿಲ್ಲ ನಿಮಗೆ’ ಎಂದು ಜೀವಮಾನವೆಲ್ಲ ಹಂಗಿಸಿದೆ. ಗೊತ್ತಾಗುವ ದಾರಿಯಲ್ಲಿ ನಾವೆಲ್ಲ ಸೇರಿ ಅವರನ್ನು ನಡೆಯಲು ಬಿಟ್ಟಿದ್ದೆವೆ?

ಅಳಿಯಂದಿರು ಕೇಂದ್ರ ಸರ್ಕಾರಿ ನೌಕರರು, 15 ದಿನ ಪಿತೃತ್ವ ರಜೆ ಸಿಕ್ಕಿತು. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿ ತಾಯಿಗೆ 26 ವಾರ ಕೊಟ್ಟಿತು. ಖಾಸಗಿ ಕೆಲಸದ ಅಪ್ಪನ ಬಗ್ಗೆ ಆ ಕಾನೂನಿನಲ್ಲಿ ಸೊಲ್ಲಿರಲಿಲ್ಲ. ನಮ್ಮ ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಗಿರಿ ಕಡೆಯವನು. ಹೆಂಡತಿ ಹೆರಿಗೆಗೆ ಊರಿಗೆ ಹೋದಳು, ಇವನು ಗೇಟಿನಲ್ಲೇ ಉಳಿದ. ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ಎದೆ ಸೆಳೆತ, ಹಾಲು ಬಿಡುವುದು, ಮೈ ತಣ್ಣಗಾಗುವುದು ಇಂಥ ಅಪಾಯದ ಗುರುತುಗಳನ್ನು ತಿಳಿಸುತ್ತಾರೆ. 108ಕ್ಕೆ ಫೋನ್ ಮಾಡಲೋ ಬೇಡವೋ ಎಂದು ಆ ಮನೆಯವರು ಕೇಳುವುದು ಬೆಂಗಳೂರಿನಲ್ಲಿರುವ ಇವನನ್ನು. ಗುರುತುಗಳು ಮಾತ್ರ ಇವನ ಕಿವಿಗೆ ಬಿದ್ದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ಅಪ್ಪಂದಿರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅದನ್ನು ಸರಿಪಡಿಸಬಹುದೆಂದು ನನಗನಿಸುವುದಿಲ್ಲ. ಆಶಾ ಬಂದ ದಿನ ಫೋನಿನ ಸ್ಪೀಕರ್ ಹಾಕಿಸಿಕೋ, ನೀನೂ ಕೇಳು ಎಂದು ಹೇಳಿದ್ದೇನೆ.

ಮಾಧವನ್ ಪಾರ್ಕಿನಲ್ಲಿ ಜೊತೆಗೆ ನಡೆಯುವ ಗೆಳತಿಗೆ, ಮಗಳ ಬಾಣಂತನದಲ್ಲಿ ಅಳಿಯನಿಗೂ ಅದೇ ಕೋಣೆಯಲ್ಲಿ ಹಾಸಿಗೆ ಹಾಕು ಎಂದೆ. ‘ಬಾಣಂತೀನ ನೋಡ್ಲೋ, ಅಳಿಯನಿಗೆ ಉಪಚಾರ ಮಾಡ್ಲೋ? ಮೂರು ಹೊತ್ತೂ ಬೇರೆ ಅಡಿಗೆ ಆಗ್ಬೇಕು’ ಎಂದರು. ಅವರ ಕಷ್ಟ ನಿಜ, ನನ್ನ ಅಮ್ಮನೂ ಅದಕ್ಕೇ ಅಳಿಯ ಹೊರಟರೆ ಸಾಕು ಎನ್ನುತ್ತಿದ್ದಳು. ‘ಉಪಚಾರ ಬಿಡು, ರಾತ್ರಿ ಎರಡು ಗಂಟೆಗೆ ಬಟ್ಟೆ ಬದಲಿಸೋ ಪಾಳಿ ಅವನಿಗೆ ಕೊಡು, ಆ ಹೊತ್ತಿಗೆ ನೀನು ಏಳಬೇಡ’ ಎಂದೆ. ಏಳದೆ ಮಲಗಿರುವುದು ನನಗಿನ್ನೂ ಪೂರ್ತಿ ಬಂದಿಲ್ಲ. ಅದನ್ನೂ ಅವರಿಗೆ ಹೇಳಿದೆ.