ಅಟ್ಟದ ಮೇಲೆ ಹತ್ತು ದಿನ

ಮನೆ ಬದಲಾಯಿಸುವಾಗ ಜಾಣರು ಹಳೆಯ ಮನೆಯ ಬೀಗದ ಕೈಯನ್ನು ಕೂಡಲೇ ಹಿಂದಿರುಗಿಸುವುದಿಲ್ಲ. ಹೊಸ ಮನೆಯಲ್ಲಿ ನೀರು ಬರುತ್ತದೆಯೇ, ಸೂರು ಸೋರುತ್ತದೆಯೇ ಎಂದು ನೋಡುವ ತನಕ ಎರಡು ಮನೆಗೂ ಬಾಡಿಗೆ ಕಟ್ಟುತ್ತಾರೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ವಿಂಡೋಸ್ 10 ಇದ್ದ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಂಡರೆ ಹಳೆಯದು ತಕ್ಷಣ ಅಳಿಸಿಹೋಗುವುದಿಲ್ಲ. ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ, ಅಟ್ಟ ಸೇರಿದ ಸಾಮಾನಿನಂತೆ ಕುಳಿತಿರುತ್ತದೆ. ಅದು ಹತ್ತಿಪ್ಪತ್ತು ಜಿ.ಬಿ. ಜಾಗ ನುಂಗುವುದುಂಟು. ಹಿಂದಿರುಗುವ ದಾರಿಗೆ ಕಟ್ಟುವ ಬಾಡಿಗೆ ಅದು. ಹತ್ತು ದಿನ ಕಳೆದರೆ ಕಂಪ್ಯೂಟರೇ ಅದನ್ನು ತೆಗೆದುಹಾಕುತ್ತದೆ. ಜಾಗ ಬರುತ್ತದೆ, ದಾರಿ ಮುಚ್ಚುತ್ತದೆ.

ಈ ಲೆಕ್ಕ ತಿಳಿಯದಿದ್ದರೆ ಏನಾಗಬಹುದು ಎಂಬುದನ್ನು ಒಂದು ಮನೆಯವರು 2023ರಲ್ಲಿ ಕಂಡರು. ಮಗಳು ಬಿ.ಎಸ್ಸಿ. ಓದುತ್ತಿದ್ದಳು. ಅಪ್ಪನದು ಕಿರಾಣಿ ಅಂಗಡಿ. ದಿನದ ಜಮಾ-ಖರ್ಚು ಬರೆಯದೆ ಮಲಗುವವರಲ್ಲ. ಲ್ಯಾಪ್‌ಟಾಪ್ ಮೇಲೂ ಅವರಿಗೆ ಮೊದಲಿನಿಂದ ಗುಮಾನಿ. ಕೊಂಡದ್ದು 256 ಜಿ.ಬಿ., ಪರದೆಯ ಮೇಲೆ ಕಂಡದ್ದು 238! ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ ಎಂದು ಮಗಳು ಹೇಳಿದಾಗ, “ಹಾಗಾದರೆ ಊರಿಗೊಂದು ಸೇರು ಇದ್ದ ಹಾಗಾಯಿತು” ಎಂದು ನಕ್ಕು ಒಪ್ಪಿಕೊಂಡಿದ್ದರು.

ಹೊಸ ವಿಂಡೋಸ್ ಹಾಕಿದ ಮೂರನೆಯ ದಿನ ತೊಡಕು ಎದುರಾಯಿತು. ಪ್ರಾಜೆಕ್ಟಿಗೆ ಬೇಕಾದ ಹಳೆಯ ತಂತ್ರಾಂಶ ಅದರಲ್ಲಿ ತೆರೆದುಕೊಳ್ಳಲಿಲ್ಲ. ವರದಿ ಒಪ್ಪಿಸಲು ಉಳಿದದ್ದು ಒಂದೇ ವಾರ. ಹತ್ತು ದಿನದ ಅವಧಿ ಇನ್ನೂ ಇದ್ದುದರಿಂದ ಮಗಳು ಸೆಟ್ಟಿಂಗ್ಸ್‌ನಲ್ಲಿ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಿದಳು. ಕಡತಗಳೆಲ್ಲ ಸುರಕ್ಷಿತವಾಗಿದ್ದವು. ನಡುವಿನ ಮೂರು ದಿನದಲ್ಲಿ ಹಾಕಿಕೊಂಡ ತಂತ್ರಾಂಶಗಳು ಮಾತ್ರ ಹೋದವು. ನಿಯಮವೇ ಹಾಗೆ.

ಅಪ್ಪ ಪುಸ್ತಕ ತೆರೆದರು. ಮೊದಲು ಖಾಲಿ ಇದ್ದದ್ದು 41 ಜಿ.ಬಿ., ಹೊಸದು ಬಂದಾಗ 19, ಮರಳಿದ ಮೇಲೆ 30. “ಹಳೆಯದಕ್ಕೇ ಬಂದೆವಲ್ಲಮ್ಮ, ಉಳಿದ ಹನ್ನೊಂದು ಎಲ್ಲಿ ಹೋಯಿತು?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹುಡುಕುವ ಮೊದಲೇ ಜಾಗ ಮಾಡುವ ಆತುರ ಹುಟ್ಟಿತು. ಅವರ ಕೈ ಹೋದದ್ದು ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಫೋಲ್ಡರಿನ ಮೇಲೆ. ತೀರಿಕೊಂಡ ಅಜ್ಜಿ ಹಾಡಿದ ಸೋಬಾನೆ ಪದಗಳ ವೀಡಿಯೊಗಳು ಅದರಲ್ಲಿದ್ದವು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. “ಅಪ್ಪಾ, ಒಂದು ನಿಮಿಷ ತಡೆಯಿರಿ” ಎಂದು ಮಗಳು ಅವರ ಕೈ ಹಿಡಿದಳು.

ಜಾಗ ಸಾಲದಾದಾಗ ಬಹುತೇಕ ಎಲ್ಲರೂ ಮಾಡುವುದು ಹೀಗೆಯೇ. ವಿಚಿತ್ರ ಹೆಸರಿನ ಕಡತಗಳನ್ನು ಮುಟ್ಟಲು ಅಂಜಿಕೆ. ಗುರುತು ಸಿಗುವುದು ತಮ್ಮದೇ ಚಿತ್ರ, ಹಾಡು, ಪತ್ರ. ಹಾಗಾಗಿ ಬೇಡದ್ದು ಉಳಿಯುತ್ತದೆ, ಬೇಕಾದದ್ದು ಹೋಗುತ್ತದೆ.

ಮಗಳು ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ‘ಟೆಂಪರರಿ ಫೈಲ್ಸ್’ ತೆರೆದಳು. ಬಿಟ್ಟುಹೋದ ಹೊಸ ವಿಂಡೋಸ್‌ನ ತಾತ್ಕಾಲಿಕ ಕಡತಗಳೇ ಎಂಟು ಜಿ.ಬಿ. ಇದ್ದವು. ಬಾಡಿಗೆದಾರ ಹೋದರೂ ಅವನ ಪೆಟ್ಟಿಗೆಗಳು ಜಗುಲಿಯಲ್ಲೇ ಉಳಿದಿದ್ದವು! ಮಿಕ್ಕದ್ದರಲ್ಲಿ ಮತ್ತೆ ಇಳಿದ ಅಪ್‌ಡೇಟ್‌ಗಳೂ ರಿಸ್ಟೋರ್ ಪಾಯಿಂಟ್‌ಗಳೂ ಪಾಲು ಪಡೆದಿದ್ದವು. ಎಂಟು ಜಮೆಯಾಯಿತು. ಉಳಿದ ಮೂರನ್ನು ಅಪ್ಪ ಖರ್ಚಿಗೆ ಬರೆದುಕೊಂಡರು.

ಈ ಕೊಡುಕೊಳ್ಳುವಿಕೆ ಇಂದಿನದಲ್ಲ. 1998ರಲ್ಲಿ ಬಂದ ವಿಂಡೋಸ್ 98ಕ್ಕೆ ಬಡ್ತಿ ಪಡೆಯುವಾಗಲೂ ಹಳೆಯ ಕಡತಗಳನ್ನು ಉಳಿಸಿಕೊಂಡರೆ ಹಿಂದೆ ಹೋಗಬಹುದಿತ್ತು. ಅದರಲ್ಲಿ ಡಿಸ್ಕನ್ನು ‘ಫ್ಯಾಟ್32’ ಕ್ರಮಕ್ಕೆ ಬದಲಾಯಿಸುವ ಸೌಲಭ್ಯವೂ ಇತ್ತು. 2 ಜಿ.ಬಿ. ಡಿಸ್ಕಿನಲ್ಲಿ ಒಂದು ಸಾಲಿನ ಪತ್ರಕ್ಕೂ 32 ಕೆ.ಬಿ. ತೆಗೆದಿಡುತ್ತಿದ್ದುದು ಹೊಸ ಕ್ರಮದಲ್ಲಿ 4ಕ್ಕೆ ಇಳಿಯುತ್ತಿತ್ತು. ಜಾಗ ಧಾರಾಳವಾಗುತ್ತಿತ್ತು. ಆದರೆ ಹಾಗೆ ಬದಲಾಯಿಸಿದವರು ಹಳೆಯ ವಿಂಡೋಸ್‌ಗೆ ಮರಳುವಂತಿರಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಪರೀಕ್ಷೆ, ಪ್ರಾಜೆಕ್ಟ್‌ಗಳ ನಡುವೆ ಬಡ್ತಿಗೆ ಕೈ ಹಾಕದಿರುವುದೇ ಲೇಸು. ಹಾಕಲೇಬೇಕಾದರೆ ಖಾಲಿ ಜಾಗವೆಷ್ಟು ಎಂದು ಮೊದಲು ಬರೆದಿಟ್ಟುಕೊಳ್ಳಿ. ಮನೆಯ ಚಿತ್ರ, ಧ್ವನಿಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಡಿ. ಹತ್ತು ದಿನ ಅಟ್ಟವನ್ನು ಮುಟ್ಟಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಈಗ ಅದಕ್ಕೆ ಮರಳುವವರು ಭದ್ರತೆಯ ಯೋಚನೆಯನ್ನೂ ಮಾಡಬೇಕು. ಕಳೆದ ಜಿ.ಬಿ.ಗಳ ಲೆಕ್ಕ ಕೇಳುವ ತಂದೆ-ತಾಯಿಯರಿಗೆ ಮಕ್ಕಳು ಸಮಾಧಾನವಾಗಿ ಉತ್ತರ ಹೇಳಲಿ. ಉತ್ತರ ಸಿಗುವ ತನಕ ಹಿರಿಯರೂ ಏನನ್ನೂ ಅಳಿಸದಿರಲಿ.