ಎತ್ತು ಏರಿಗೆ, ಕೋಣ ನೀರಿಗೆ

ನಮ್ಮೂರಲ್ಲಿ ಮನೆಗೆ 230 ವೋಲ್ಟ್, ಅಮೆರಿಕದಲ್ಲಿ 120 ಅಂತ ನಾವೆಲ್ಲ ಹೇಳ್ತೀವಿ. ಅದು ಅರ್ಧ ಸತ್ಯ. ಟೆಕ್ಸಸ್‌ನ ಮನೆಗೂ ಬರುವುದು 240. ನಡುವೆ ನ್ಯೂಟ್ರಲ್ ತೆಗೆದು ಅದನ್ನೇ ಎರಡು 120 ಆಗಿ ಹಂಚಿರುತ್ತಾರೆ. ಫೋನ್ ಚಾರ್ಜರ್‌ಗೆ ಒಂದು ಪಾಲು ಸಾಕು. ಬಟ್ಟೆ ಒಣಗಿಸುವ ಡ್ರೈಯರ್‌ಗೆ ಎರಡೂ ಬೇಕು. ಈ ಎರಡನ್ನು ಕೂಡಿಸುವುದು ಕ್ಲಾಸಿನಲ್ಲಿ ಎರಡು ಸಾಲಿನ ವಿಷಯ. ಜನರೇಟರ್ ಮುಂದೆ ಕೂತಾಗ ಹಾಗಲ್ಲ.

2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯ್ತು. ಅದಾದ ಮೇಲೆ ಅಲ್ಲಿರುವ ನಮ್ಮ ಚಿಕ್ಕಪ್ಪ ಒಂದು ಹಳೇ ಜನರೇಟರ್ ಕೊಂಡರು. ಒಳಗಿನ ಎರಡು ವೈಂಡಿಂಗ್‌ಗಳ ನಾಲ್ಕು ತುದಿಗಳೂ ಬಿಚ್ಚಿದ್ದವು, ಗುರುತುಗಳು ಅಳಿಸಿಹೋಗಿದ್ದವು. ನಾನು ಡಲ್ಲಸ್‌ನಿಂದ ಹೋದಾಗ ಮೀಟರ್ ಹಿಡಿದು ನೋಡಿದೆವು. ಎರಡರಲ್ಲೂ 120.

"ಸರಿಯಾಗೇ ಇದೆಯಲ್ಲೋ, ಸೇರಿಸಿಬಿಡು," ಅಂದರು ಚಿಕ್ಕಪ್ಪ.

"ತಡೀರಿ ಚಿಕ್ಕಪ್ಪ, ಯಾವ ತುದಿಗೆ ಯಾವ ತುದಿ ಅಂತ ಗೊತ್ತಾಗ್ಬೇಕು."

"ಎಸಿ ಕರೆಂಟ್‌ಗೆ ಪ್ಲಸ್ಸು ಮೈನಸ್ಸು ಎಲ್ಲಿದೆಯೋ?"

ಒಳ್ಳೇ ಪ್ರಶ್ನೆ. ಎಸಿಯಲ್ಲಿ ಕಾಯಂ ಪ್ಲಸ್ ಮೈನಸ್ ಇಲ್ಲ, ಸೆಕೆಂಡಿಗೆ 60 ಸಲ ಏರಿಳಿಯುತ್ತೆ. ಆದರೆ ಒಂದು ವೈಂಡಿಂಗ್‌ನ ಈ ತುದಿ ಏರುವಾಗ ಇನ್ನೊಂದರ ಯಾವ ತುದಿ ಜೊತೆಗೇ ಏರುತ್ತೆ ಅನ್ನೋದು ಕಾಯಂ. ಅದೇ ಪೊಲಾರಿಟಿ. ಮೀಟರ್ ಬಲ ಎಷ್ಟು ಅಂತ ಹೇಳುತ್ತೆ, ದಿಕ್ಕು ಹೇಳಲ್ಲ. ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದರೆ ಎರಡಕ್ಕೂ ಬಲ ಇದ್ದರೂ ಗಾಡಿ ಅಲ್ಲೇ ಇರುತ್ತೆ.

ಎಂಜಿನ್ ನಿಲ್ಲಿಸಿ, ಎರಡರಿಂದಲೂ ಒಂದೊಂದು ತುದಿ ತೆಗೆದು ಜೋಡಿಸಿದೆವು. ಮತ್ತೆ ಚಾಲೂ ಮಾಡಿ, ಉಳಿದ ಎರಡು ತುದಿಗಳ ನಡುವೆ ಅಳೆದೆವು. ಹತ್ತಿರ ಹತ್ತಿರ ಸೊನ್ನೆ! ಚಿಕ್ಕಪ್ಪನ ಮುಖ ಬಾಡಿತು. ಆದರೆ ಈ ಸೊನ್ನೆ ಕೆಟ್ಟ ಸುದ್ದಿಯಲ್ಲ, ಎರಡೂ ಎದುರುಬದುರಾಗಿವೆ ಅಂತ ಅಷ್ಟೇ. 240 ಬೇಕಾದರೆ ಒಂದು ವೈಂಡಿಂಗ್‌ನ ತುದಿಗಳನ್ನು ಅದಲುಬದಲು ಮಾಡಿದರಾಯ್ತು. 120ರಲ್ಲೇ ಹೆಚ್ಚು ಆಂಪಿಯರ್ ಬೇಕಾದರೆ, ಸೊನ್ನೆ ತೋರಿಸಿದ ತುದಿಗಳನ್ನೇ ಕೂಡಿಸಿ ಪ್ಯಾರಲಲ್ ಮಾಡಬಹುದು. ಅಲ್ಲಿ 240 ಇದ್ದಾಗ ಅಳೆಯದೆ ಕೂಡಿಸಿದರೆ ಮಾತ್ರ ಶಾರ್ಟ್ ಆಗಿ ವೈಂಡಿಂಗ್ ಸುಟ್ಟೇಹೋಗುತ್ತೆ. ನಾವು ಅದಲುಬದಲು ಮಾಡಿದೆವು, 240 ಬಂತು. ಮನೆಗೆ ಜೋಡಿಸುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಟ್ಟೆವು.

ಮೂರು ಫೇಸ್‌ನಲ್ಲಿ ಇದೇ ಲೆಕ್ಕ ಸ್ವಲ್ಪ ಓರೆ. ಒಂದೊಂದು ಫೇಸೂ ಮೂರನೇ ಒಂದು ಸುತ್ತು ಹಿಂದೆ ಬರುವುದರಿಂದ ಎರಡು 120ರ ನಡುವೆ ಸಿಗುವುದು 240 ಅಲ್ಲ, 208. ಊರಲ್ಲಿ 230ಕ್ಕೆ 400. ಮೂರು ವೈಂಡಿಂಗ್‌ಗಳನ್ನು ಡೆಲ್ಟಾ ಮಾಡುವಾಗ ಕೊನೆಯ ಗಂಟು ಹಾಕುವ ಮುಂಚೆ ಅಳೆದರೆ ಹೆಚ್ಚುಕಮ್ಮಿ ಸೊನ್ನೆ ಬರಬೇಕು. ಒಂದು ತಿರುಗುಮುರುಗಾಗಿದ್ದರೆ ಒಂದು ಫೇಸಿನ ಎರಡರಷ್ಟು ತೋರಿಸುತ್ತೆ.

ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಎರ್‌ಕಾಟ್‌ನ ಒಂದೇ ಗ್ರಿಡ್‌ನಲ್ಲಿವೆ. ಅಲ್ಲಿ ದೊಡ್ಡ ಜನರೇಟರ್ ಕೂಡ ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಹೊಂದಿಸಿಕೊಂಡೇ ಸೇರಬೇಕು. ನಮ್ಮ ಮನೆಯ ಪುಟ್ಟ ಜನರೇಟರ್‌ಗೆ ಆ ಹೊಂದಾಣಿಕೆ ಗೊತ್ತಿಲ್ಲ. ಹಾಗಾಗಿ ಟ್ರಾನ್ಸ್‌ಫರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ವೈರಿಂಗ್‌ಗೆ ಸೇರಿಸಬೇಡಿ. ಲೈನ್ ವಾಪಸ್ ಬಂದ ಕ್ಷಣ ಜನರೇಟರ್ ಹಾಳಾಗಬಹುದು. ಅದಕ್ಕೂ ಮುಂಚೆ, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಪ್ರಾಣವೇ ಹೋಗಬಹುದು.