ನಾಯಿಯ ಪಾಲಿನ ರೊಟ್ಟಿ

ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ 2022ರ ಜೂನ್ 10ರಂದು ತೆರೆಗೆ ಬಂತು. ಕೆಲವೇ ದಿನಗಳಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ನೋಡಿ, ತೀರಿಹೋಗಿದ್ದ ತಮ್ಮ ಮನೆಯ ನಾಯಿಯನ್ನು ನೆನೆದು ಅತ್ತರು. ಆ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು. ನವಲಗುಂದ ತಾಲ್ಲೂಕಿನ ನಮ್ಮೂರಿನ ಕಟ್ಟೆಯ ಮೇಲೆ ಅದೇ ಮಾತು. “ನಮ್ಮ ಹುಬ್ಬಳ್ಳ್ಯಾಂವ, ನಾಯಿ ಸಲವಾಗಿ ಅತ್ತಾನಂತ” ಎಂದು ಹುಡುಗರು ನಕ್ಕರೆ, ಮೂಲೆಯಲ್ಲಿದ್ದ ಹಿರಿಯರೊಬ್ಬರು, “ನಗಬ್ಯಾಡ್ರಿ. ಗಣಮಕ್ಕಳಿಗೆ ಅಳಾಕ ಏನಾರ ಒಂದು ನೆವ ಬೇಕಲ್ಲ” ಎಂದರಂತೆ. ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಗಿಂತಲೂ ಈ ಒಂದು ಮಾತು ನನ್ನ ಜೊತೆ ಹೆಚ್ಚು ದಿನ ಉಳಿದಿದೆ.

ಕತೆ ನಿಮಗೆ ಗೊತ್ತಿರುವುದೇ. ಚಿಕ್ಕಂದಿನಲ್ಲಿ ರಸ್ತೆ ಅಪಘಾತದಲ್ಲಿ ಅಪ್ಪ, ಅವ್ವ, ತಂಗಿಯನ್ನು ಕಳೆದುಕೊಂಡ ಧರ್ಮ ಕಾರ್ಖಾನೆ, ಮನೆ, ಇಡ್ಲಿ, ಬಿಯರು, ಚಾಪ್ಲಿನ್ ಸಿನಿಮಾಗಳಷ್ಟರಲ್ಲೇ ಬದುಕುತ್ತಿರುತ್ತಾನೆ. ಓಣಿಯವರಿಗೆ ಅವನನ್ನು ಕಂಡರಾಗದು, ಅವನಿಗೆ ಓಣಿಯವರನ್ನು ಕಂಡರಾಗದು. ನಾಯಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಹೆಣ್ಣುನಾಯಿಯೊಂದು ಅವನ ಬಾಗಿಲಿಗೆ ಬರುತ್ತದೆ. ಅದಕ್ಕೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಹಿಮ ತೋರಿಸಬೇಕೆಂದು ಅದನ್ನು ಬೈಕಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಸಿಕ್ಕಿತು.

ಧರ್ಮ ಎಂಬ ಹೆಸರು, ಜೊತೆಗೊಂದು ನಾಯಿ, ಎದುರಿಗೆ ಹಿಮಾಲಯ. ಮಹಾಪ್ರಸ್ಥಾನ ನೆನಪಾಗದೆ ಇರದು. ವ್ಯಾಸಭಾರತದ ಕೊನೆಯಲ್ಲಿ ತಮ್ಮಂದಿರು, ದ್ರೌಪದಿ ಎಲ್ಲರೂ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿಯುವುದು ಒಂದು ನಾಯಿ ಮಾತ್ರ. ಅದನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆ ಎನ್ನುತ್ತಾನೆ ಅವನು. ಆದರೆ ನಮ್ಮ ಸೀಮೆಯ ಕವಿಗಳು ಅಲ್ಲಿಯವರೆಗೆ ಹೋಗಲೇ ಇಲ್ಲ. ಪಂಪನ ತಾಯಿಯ ತವರು ಅಣ್ಣಿಗೇರಿ. ಅವನ ಕಾವ್ಯ ಅರ್ಜುನನ ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ಅಣ್ಣಿಗೇರಿಯಿಂದ ಹುಬ್ಬಳ್ಳಿ ಕಡೆ ಬಂದರೆ ಕೋಳಿವಾಡ, ಕುಮಾರವ್ಯಾಸನ ಊರು. ಅವನೂ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ, ನಿಲ್ಲಿಸಿದ. ಗೆದ್ದವರ ದುಃಖ, ಮುದಿತನ, ನಡಿಗೆ, ನಾಯಿ ಇವು ಇಬ್ಬರಲ್ಲೂ ಇಲ್ಲ.

ಆದರೆ ಪಂಪನ ಕಾಲದಲ್ಲೇ, ಅವನ ಕಾವ್ಯ ಹುಟ್ಟಿದ ಹತ್ತು ವರ್ಷದ ಒಳಗೆ, ಕನ್ನಡದಲ್ಲಿ ನಾಯಿಯ ಮೇಲೊಂದು ಬರಹ ಹುಟ್ಟಿತು. 949-50ರ ಆತಕೂರು ಶಾಸನ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರ ಜೊತೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನನಗೆ ಆ ಶಾಸನದಲ್ಲಿ ಇಷ್ಟವಾಗುವುದು ಕೊನೆಯ ಶಾಪವೇ. ಅದು ಅಳು ಎಂದು ಹೇಳುವುದಿಲ್ಲ, ಮರೆಯಬೇಡ ಎಂದೂ ಹೇಳುವುದಿಲ್ಲ. ಉಣ್ಣುವ ಮೊದಲು ಒಂದು ಕೆಲಸ ಮಾಡು ಎನ್ನುತ್ತದೆ, ಅಷ್ಟೇ. ದುಃಖಕ್ಕೆ ದಿನಕ್ಕೊಂದು ಕೆಲಸ ಹಚ್ಚಿಕೊಡುತ್ತದೆ.

ನನ್ನ ಪಿಎಚ್‌ಡಿ ವಿಷಯ ಹೆಣ್ಣುಮಕ್ಕಳ ಸಾವಿನ ಹಾಡುಗಳು. ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಮುದುಕಿಯರ ಮುಂದೆ ಕುಳಿತು ಬರೆದುಕೊಂಡಿದ್ದೇನೆ. ಹೆಣದ ಸುತ್ತ ಕುಳಿತ ಹೆಂಗಸರು ಸತ್ತವನನ್ನು ಹೆಸರು ಹಿಡಿದು ಕರೆಯುತ್ತಾರೆ, ಅವನ ನಡಿಗೆ, ಊಟ, ಸಿಟ್ಟು ಎಲ್ಲವನ್ನೂ ಎತ್ತಿ ಹಾಡುತ್ತಾರೆ. ಗಂಡಸರು ಹೊರಗೆ ನಿಂತಿರುತ್ತಾರೆ. ರಾತ್ರಿ ಭಜನೆ ಮಾಡುತ್ತಾರೆ, ನಿಜ. ಆದರೆ ಭಜನೆಯ ಪದ ಎಲ್ಲರ ಸಾವಿನದು. ನನ್ನ ಮಗ ಎಂದು ಹೇಳುವ ಪದ ಅದರಲ್ಲಿಲ್ಲ.

ನನ್ನ ಅಣ್ಣ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಹೆಸರಿನ ರಾಶಿ ಮುಗಿದಿತ್ತು, ಕಡ್ಲಿ ಬಿತ್ತುವ ಹಂಗಾಮು ಹತ್ತಿರ ಬಂದಿತ್ತು. ಅವ್ವ ಮೂರು ದಿನ ಹಾಡಿಕೊಂಡು ಅತ್ತಳು. ಅಪ್ಪ ಬಂದವರಿಗೆ ಕುರ್ಚಿ ಹಾಕಿಸುವುದು, ನೀರು ಕೊಡಿಸುವುದು ಮಾಡಿದ. ಆಮೇಲೆ ಮಾತು ನಿಲ್ಲಿಸಿದ. ಹೂಂ, ಉಹೂಂ ಬಿಟ್ಟರೆ ಮನೆಯಲ್ಲಿ ಅವನ ದನಿ ಇರಲಿಲ್ಲ.

ಕರಿಯಾ ಅಣ್ಣ ಸಾಕಿದ ನಾಯಿ. ಕಡ್ಲಿ ಹೊಲಕ್ಕೆ ಚಿಗರಿ ಬರುತ್ತವೆಂದು ಎಲ್ಲಿಂದಲೋ ಮರಿ ತಂದು ಹೊಲದ ಗುಡಿಸಲಲ್ಲಿ ಬೆಳೆಸಿದ್ದ. ಹಳ್ಳಿಯ ನಾಯಿ ಚಾರ್ಲಿಯಂತಲ್ಲ. ಅದು ಹಾಸಿಗೆಗೆ ಬರುವುದಿಲ್ಲ, ಅದಕ್ಕೆ ಪಟ್ಟಿಯಿಲ್ಲ, ಅದಕ್ಕೆ ಯಾರೂ ಮುದ್ದಿನ ಮಾತು ಆಡುವುದಿಲ್ಲ. ಬಿತ್ತನೆಗೆಂದು ಅಪ್ಪ ಹೊಲಕ್ಕೆ ಹೋಗತೊಡಗಿದ ಮೇಲೆ ಒಂದು ಮಧ್ಯಾಹ್ನ ನಾನು ಬುತ್ತಿ ಒಯ್ದಿದ್ದೆ. ಗುಡಿಸಲ ಹಿಂದಿನಿಂದ ಮಾತು ಕೇಳಿಸಿತು. “ಅಂವ ಇದ್ದಿದ್ರ ಈ ಸಲ ಹಿಂಗಾರಿಗೆ ಬಿಳಿಜ್ವಾಳನ ಹಾಕೂನು ಅಂತಿದ್ದ. ಹೌದಿಲ್ಲೋ ಕರಿಯಾ? ನಾ ಕೇಳ್ತಿರಲಿಲ್ಲ, ಅದು ಬ್ಯಾರೆ ಮಾತು.” ತಿಂಗಳ ಮೇಲೆ ಕೇಳಿದ ಅಪ್ಪನ ಮೊದಲ ಪೂರ್ತಿ ವಾಕ್ಯ ಅದು. ಕಟ್ಟೆಯ ಹಿರಿಯರು ಹೇಳಿದ ನೆವ ಏನೆಂದು ನನಗೆ ಅಲ್ಲಿ ಕಂಡಿತು. ನಾಯಿಗೆ ಹೇಳಿದರೆ ಮಗನಿಗೆ ಹೇಳಿದಂತೆ; ಯಾರಾದರೂ ಕೇಳಿದರೆ, ನಾಯಿಗೆ ಹೇಳಿದೆ ಅನ್ನಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ಇದೂ ಒಂದು ಸಿನಿಮಾ ಆಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅವ್ವನೂ ಇದ್ದಳಲ್ಲ. ಅಪ್ಪ ಹೊಲದಲ್ಲಿ ಏನು ಮಾಡುತ್ತಾನೆಂದು ಅವಳಿಗೂ ಗೊತ್ತಾಗಿತ್ತು. ಒಂದು ರಾತ್ರಿ ಪಾತ್ರೆ ತೊಳೆಯುತ್ತ ಅಂದಳು: “ನಿಮ್ಮಪ್ಪ ನಾಯಿ ಜೋಡಿ ಮಾತಾಡ್ತಾನ. ನಾ ಏನ್ ಮಾಡ್ಲಿ, ಬೊಗಳ್ಲೇನು?” ಮುಂದೊಂದು ದಿನ ಮೊಬೈಲಿನಲ್ಲಿ ಅವಳಿಗೆ ‘777 ಚಾರ್ಲಿ’ ಹಚ್ಚಿಕೊಟ್ಟೆ. ಪೂರ್ತಿ ನೋಡಿದಳು, ಅತ್ತಳು. ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಆ ಹುಡುಗಗ ಮನಿಯಾಗ ಯಾರೂ ಇಲ್ಲ, ಅದಕ್ಕ ನಾಯಿ ಬಂತು. ನಮ್ಮನಿಯಾಗ ನಾ ಇದ್ನೆಲ್ಲ?” ಎಂದಳು.

ಈ ಪ್ರಶ್ನೆಗೆ ಸಿನಿಮಾದಲ್ಲಿ ಉತ್ತರವಿಲ್ಲ. ನಾಯಿ ಒಬ್ಬನೇ ಮನುಷ್ಯನನ್ನು ಕಾಪಾಡಬೇಕಾದರೆ ಕತೆ ಮೊದಲು ಅವನ ಮನೆಯನ್ನು ಖಾಲಿ ಮಾಡಬೇಕು. ಮಹಾಪ್ರಸ್ಥಾನದಲ್ಲೂ ಹಾಗೆಯೇ: ನಾಯಿ ಕಡೆಗೆ ಉಳಿಯಬೇಕಾದರೆ ದ್ರೌಪದಿ ಮೊದಲು ಬೀಳಬೇಕು. ತುಂಬಿದ ಮನೆಯಲ್ಲಿ ದುಃಖ ಒಬ್ಬನದಲ್ಲ. ಒಬ್ಬನ ಸಮಾಧಾನ ಇನ್ನೊಬ್ಬಳ ಒಂಟಿತನ ಆಗಬಹುದು. ಅಪ್ಪ ಕರಿಯಾನ ಮುಂದೆ ಹಗುರಾದಷ್ಟೂ ಅವ್ವ ಭಾರವಾಗಿದ್ದಳು.

ಅದು ಸ್ವಲ್ಪ ಸಡಿಲಾದದ್ದು ರೊಟ್ಟಿಯಿಂದ. ಅಣ್ಣ ಹೋದ ಮೇಲೂ ಅವ್ವನ ಕೈ ಹಳೆಯ ಲೆಕ್ಕದಲ್ಲೇ ರೊಟ್ಟಿ ಬಡಿಯುತ್ತಿತ್ತು. ದಿನಾ ಮೂರು ಉಳಿಯುತ್ತಿದ್ದವು. ಬುಟ್ಟಿಯಲ್ಲಿ ಆ ಮೂರನ್ನು ನೋಡುವುದು ಯಾರಿಗೂ ಆಗುತ್ತಿರಲಿಲ್ಲ. ಅಪ್ಪ ಮಾತಿಲ್ಲದೆ ಅವನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೊಲಕ್ಕೆ ಒಯ್ಯತೊಡಗಿದ. ಎಳ್ಳಮಾಸಿಗೆ ಆ ವರ್ಷ ನಮಗೆ ಚರಗದ ಸಂಭ್ರಮ ಇರಲಿಲ್ಲ. ಅವತ್ತು ಸಂಜೆ ಮರಳಿದ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಕರಿಯಾ ತಂಗಳ ರೊಟ್ಟಿ ಮೂಸಿ ಬಿಡ್ತೈತಿ. ಅಂವನೂ ಹಂಗ, ಬಿಸೀದ ಬೇಕಿತ್ತು” ಎಂದ. ಅವ್ವ ಒಲೆಯಿಂದ ತಿರುಗಿ, “ಅಂವಗ ಮ್ಯಾಲೆ ಎಣ್ಣಿ, ಚಟ್ನಿ ಬೇರೆ ಬೇಕಿತ್ತು” ಎಂದಳು. ಇಬ್ಬರೂ ಅಣ್ಣನ ಬಗ್ಗೆ ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ದೊಡ್ಡದೇನೂ ಅಲ್ಲ. ಆದರೆ ಅಂದಿನಿಂದ ಆ ಮೂರು ರೊಟ್ಟಿ ಉಳಿದವಲ್ಲ, ಬೇಕೆಂದೇ ಬಡಿದವು. ತವೆಯಿಂದ ಇಳಿದ ಮೊದಲ ಮೂರು ಕರಿಯಾನ ಪಾಲು, ಆಮೇಲೆ ನಮ್ಮ ಊಟ.

ನಾಯಿ ದುಃಖವನ್ನು ವಾಸಿ ಮಾಡುತ್ತದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೆ ಅದಕ್ಕೆ ದಿನಾ ಹಸಿವೆ ಆಗುತ್ತದೆ, ಅದಕ್ಕೆ ಯಾರಾದರೂ ಏಳಬೇಕು, ಒಲೆ ಹೊತ್ತಿಸಬೇಕು, ಹೊಲಕ್ಕೆ ನಡೆಯಬೇಕು. ನಮ್ಮಲ್ಲಿ ಹಿಮ ಇಲ್ಲ, ಎರೆಮಣ್ಣು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ. ಮನೆಯಿಂದ ಹೊಲದವರೆಗಿನ ದಾರಿಯೇ ನಮ್ಮ ಮಹಾಪ್ರಸ್ಥಾನ. ಒಮ್ಮೊಮ್ಮೆ ಈಗ ಬುತ್ತಿಯನ್ನು ಅವ್ವನೇ ಒಯ್ಯುತ್ತಾಳೆ. ಅಲ್ಲಿ ಮೂವರೂ ಏನು ಮಾತಾಡುತ್ತಾರೋ, ನಾನು ಹಿಂದೆ ಹೋಗಿ ಕೇಳುವುದಿಲ್ಲ.